ಚೀಟಿಯಿಲ್ಲದ ವಂದನಾರ್ಪಣೆ

ನನ್ನ ಗಂಡನ ಮೂಗಿನ ಮೂಳೆ ಮುರಿದದ್ದು ಮಾರ್ಕಮ್‌ನ ಒಂದು ಶಾಲೆಯ ಸಭಾಂಗಣದಲ್ಲಿ, ಹೊರದೇಶದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ದಿನ, ವಂದನಾರ್ಪಣೆಯ ನಡುವೆ. ಮುರಿದವನು ರೌಡಿಯೂ ಅಲ್ಲ, ಕುಡುಕನೂ ಅಲ್ಲ. ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಬಿಸಿಬೇಳೆಬಾತ್ ಮಾಡಿ ಹಾಕಿದ ಸಾಫ್ಟ್‌ವೇರ್ ಎಂಜಿನಿಯರ್.

ನನ್ನ ಗಂಡನಿಗೆ ಚಿಕ್ಕಂದಿನಿಂದ ಉಗ್ಗು. ಮೈಸೂರಿನಲ್ಲಿ ಮೇಷ್ಟರು ಅದಕ್ಕೆಂದೇ ಬೆತ್ತದಲ್ಲಿ ಬಾರಿಸುತ್ತಿದ್ದರಂತೆ. ವಯಸ್ಸು ಐವತ್ತು ದಾಟಿದ ಮೇಲೆ ಒಂದು ಸಲವಾದರೂ ವೇದಿಕೆ ಮೇಲೆ ಮಾತಾಡಬೇಕು ಎಂಬ ಆಸೆ ಹುಟ್ಟಿ, ವಂದನಾರ್ಪಣೆಯನ್ನು ತಾವೇ ಕೇಳಿ ಪಡೆದರು. ಪಿಕರಿಂಗ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನಿನ ಮುಂದೆ ನಿಂತು ಅವರು ಅಭ್ಯಾಸ ಮಾಡುವುದನ್ನು ಮೆಟ್ಟಿಲ ಮೇಲೆ ಕೂತು ಕೇಳಿದ್ದೇನೆ. ಚೀಟಿ ಕೈಯಲ್ಲಿದ್ದರೆ ನಾಲಿಗೆ ಅಷ್ಟಾಗಿ ತೊಡರುತ್ತಿರಲಿಲ್ಲ.

ಆದರೆ ನಮ್ಮ ಸಂಘದ ಅಧ್ಯಕ್ಷರಿಗೆ ಭಾಷಣಕಲೆಯ ಹುಚ್ಚು. ಆಫೀಸಿನಲ್ಲಿ ಅದರ ಟ್ರೈನಿಂಗ್ ಕೊಡುವವರು. ನನ್ನ ಗಂಡ ಮೈಕಿನತ್ತ ಹೋಗುವಾಗ "ಚೀಟಿ ನೋಡ್ಕೊಂಡು ಓದಿದ್ರೆ ಆಡಿಯೆನ್ಸ್ ಜೊತೆ ಕನೆಕ್ಟ್ ಆಗಲ್ಲ ಸಾರ್, ಐ ಕಾಂಟ್ಯಾಕ್ಟ್ ಮುಖ್ಯ" ಎಂದು ಚೀಟಿಯನ್ನು ಕೈಯಿಂದ ಕಿತ್ತುಕೊಂಡರು. ಬೇರೆ ಭಾಷಣಕ್ಕೆ ಆ ಮಾತು ಸರಿ. ವಂದನಾರ್ಪಣೆಗಲ್ಲ. ನಮ್ಮ ಸಂಘದ ಜನ ಊಟ ಆರುತ್ತಿದ್ದರೂ ಕೊನೆಯವರೆಗೆ ಕೂತಿರುವುದೇ ತಂತಮ್ಮ ಹೆಸರು ಕೇಳಲಿಕ್ಕೆ. ಬಲೂನು ಊದಿದವರ ಹೆಸರೂ ಬರಬೇಕು.

ಇವರು ಬೆವರುತ್ತ, ಉಗ್ಗುತ್ತ ಒಂದೊಂದೇ ಹೆಸರು ಹೇಳಿದರು. ಬಿಸಿಬೇಳೆಬಾತ್ ಮಾಡಿದವನದು ಬಿಟ್ಟುಹೋಯಿತು. "ಎಲ್ಲರಿಗೂ ಧ-ಧನ್ಯವಾದ" ಎನ್ನುವಷ್ಟರಲ್ಲಿ ಅವನು ವೇದಿಕೆ ಹತ್ತಿದ್ದ.

"ಬೆಳಗ್ಗೆಯಿಂದ ಸಾಯ್ತಾ ಇದೀನಿ ಕಣಯ್ಯ, ನಾನ್ ಕಣ್ಣಿಗೆ ಕಾಣಲ್ವಾ ನಿಂಗೆ?"

ಮೈಕು ಕಸಿದು ಅದರಿಂದಲೇ ಇವರ ಮುಖಕ್ಕೆ ಬಾರಿಸಿದ. ಮೈಕು ಆನ್ ಇತ್ತು. ಮೂಳೆ ಮುರಿದ ಸದ್ದು ಹಿಂದಿನ ಸಾಲಿನವರಿಗೂ ಕೇಳಿತು. ಬಿದ್ದವರ ಪಕ್ಕೆಗೆ ಒದ್ದ, ಮತ್ತೆ ಒದ್ದ. ಇವರ ಹೆಗಲ ಮೇಲಿನ ಶಲ್ಯ ರಕ್ತದಲ್ಲಿ ತೊಯ್ದಿತು. ನಾನು ಓಡಿಹೋಗಿ ಅವನ ಕೂದಲು ಹಿಡಿದು ಜಗ್ಗಿದೆ, ಕೈ ಕಚ್ಚಿದೆ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಅವನ ಹೆಂಡತಿ ಮಾತ್ರ ಗೋಡೆಗೊರಗಿ ನಿಂತಲ್ಲೇ ನಿಂತಿದ್ದಳು. "ಪೊಲೀಸು ಗಿಲೀಸು ಬೇಡ, ನಮ್ ನಮ್ಮಲ್ಲೇ ಮುಗಿಸ್ಕೊಳ್ಳೋಣ" ಎಂದು ಅಧ್ಯಕ್ಷರು ನಮ್ಮನ್ನು ಕಾರಿಗೆ ಹತ್ತಿಸಿದರು.

ಆಸ್ಪತ್ರೆಯಲ್ಲಿ ಕಾಯುತ್ತಿರುವಾಗಲೇ ವಿಡಿಯೊ ಸಂಘದ ವಾಟ್ಸಾಪ್ ಗುಂಪಿಗೆ ಬಂತು. ಇವರ ಉಗ್ಗಿನಿಂದ ಶುರುವಾಗಿ ಅವನ ಒದೆತಕ್ಕೆ ಮುಗಿಯುತ್ತಿತ್ತು. ಯಾರೋ ಪುಣ್ಯಾತ್ಮರು ಡೊಳ್ಳಿನ ಸದ್ದು ಬೇರೆ ಸೇರಿಸಿದ್ದರು. ಕೆಳಗೆ ನಗುವ ಮುಖಗಳು. ಅಷ್ಟು ಕೆಲಸ ಮಾಡಿದವರಿಗೆ ಸಿಟ್ಟು ಬರುವುದಿಲ್ಲವೇ ಎಂದು ಒಬ್ಬರು, "ಧಧಧನ್ಯವಾದ" ಎಂದು ಇನ್ನೊಬ್ಬರು. ಒಬ್ಬೊಬ್ಬರ ಜನ್ಮ ಜಾಲಾಡಿ ಬರೆದೆ. ಕಳಿಸುವ ಮೊದಲೇ ಮಗಳು "ಅಮ್ಮಾ, ಡೋಂಟ್ ಪೋಸ್ಟ್ ವೆನ್ ಯು ಆರ್ ಮ್ಯಾಡ್" ಎಂದು ಫೋನು ಎತ್ತಿಕೊಂಡಳು. ಇವರು ಇನ್ನು ನಾಲ್ಕು ಜನರ ಮುಂದೆ ಬಾಯಿ ಬಿಡುವುದೇ ಇಲ್ಲ ಎಂದು ನನಗೆ ಭಯವಾಗಿತ್ತು. ಮನೆಗೆ ಬಂದ ಮೇಲೆ ನನ್ನೊಂದಿಗೂ ಮಾತು ಕಡಿಮೆಯಾಯಿತು.

ಮೂಗಿನ ಪಟ್ಟಿ ಬಿಚ್ಚಿದ ದಿನ ಮಧ್ಯಾಹ್ನ, ಊಟದ ಮೇಜಿನಲ್ಲೇ ಫೋನನ್ನು ಬಾಯಿಯ ಹತ್ತಿರ ಹಿಡಿದು ಅದೇ ಗುಂಪಿಗೆ ವಾಯ್ಸ್ ಮೆಸೇಜು ಮಾಡಿದರು. ಅದುವರೆಗೆ ಯಾರಿಗೂ ಮಾಡಿದವರಲ್ಲ.

"ಹೆ-ಹೆಸರು ಮರೆತಿದ್ದು ನನ್ ತಪ್ಪು. ಕ್ಷಮಿಸಿ. ಹೊಡೆದಿದ್ದು ನಿಮ್ ತಪ್ಪು. ಅದನ್ನ ಬೆಳಗ್ಗೆ ಪೊ-ಪೊಲೀಸರಿಗೆ ಹೇಳಿ ಬಂದಿದೀನಿ."

"ಉಗ್ಗು ಬಂದಿದೆ, ಅಳಿಸಿ ಇನ್ನೊಂದ್ಸಲ ಮಾಡಿ" ಎಂದೆ.

"ಇ-ಇರ್ಲಿ ಬಿಡು" ಎಂದು ಕಳಿಸಿಬಿಟ್ಟರು.

ಸಂಜೆ ಹೊಡೆದವನ ಹೆಂಡತಿಯ ಫೋನು ಬಂತು. ಕೇಸು ವಾಪಸು ತೆಗೆದುಕೊಳ್ಳಿ ಎಂದು ಗೋಗರೆಯುತ್ತಾಳೆಂದು ಬೈಗುಳ ಸಿದ್ಧಮಾಡಿಕೊಂಡೇ ಎತ್ತಿದೆ.

"ಅಕ್ಕ, ಅಣ್ಣ ಹೇಳಿದ್ದು ಕೇಳಿದೆ. ಕಾರಲ್ಲಿ ಕೂತು ಮಾತಾಡ್ತಿದೀನಿ" ಎಂದಳು. "ಕಂಪ್ಲೇಂಟು ವಾಪಸ್ ತಗೋಬೇಡಿ. ಮನೇಲಿ ನಂಗೂ ಹೀಗೇ ಒದೀತಾರೆ. ಪೊಲೀಸ್ರ ಹತ್ರ ಏನಂತ ಶುರು ಮಾಡ್ಬೇಕು ಅಂತ ಅಣ್ಣನ್ನ ಕೇಳ್ತೀರಾ?"

ನಾನು ಫೋನನ್ನು ಇವರ ಕೈಗೆ ಕೊಟ್ಟೆ.