ನಾನು ತಿದ್ದಿಕೊಟ್ಟ ಸಾಲು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿದೆ. ಅರ್ಧ ಗಂಟೆಯ ದಾರಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮೆಹಬೂಬ್ ಸಾಬರನ್ನು ಕಾಣಬೇಕಿತ್ತು. ವರ್ಷಗಟ್ಟಲೆ ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ತರಕಾರಿ ತಂದವರು. ಕೊರೊನಾ ಕಾಲದಲ್ಲಿ ಗಿರಾಕಿಗಳಿಲ್ಲದೆ ಊರು ಬಿಟ್ಟು ಹರಿಹರ ಸೇರಿದರು.

ಗಿರಾಕಿಗಳು ತಪ್ಪಿದ್ದು ಒಂದು ಕರಪತ್ರದಿಂದ. ಮುಸ್ಲಿಮರೇ ರೋಗ ಹರಡುತ್ತಾರೆಂದು ನಾಲ್ಕೈದು ಜನರ ಗುಂಪೊಂದು ಸುಳ್ಳು ಹಬ್ಬಿಸುತ್ತಿತ್ತು. ಅಲ್ಲಿಯವರೆಗೆ ಆ ಗುಂಪನ್ನು ಕಂಡರೆ ಊರೇ ನಗುತ್ತಿತ್ತು. ಅದರಲ್ಲಿದ್ದ ಶಂಕರ ನನ್ನ ಹಳೆಯ ವಿದ್ಯಾರ್ಥಿ. “ಕನ್ನಡ ತಪ್ಪಿದ್ರೆ ತಿದ್ದಿಕೊಡ್ರಿ ಮೇಷ್ಟ್ರೇ” ಎಂದು ಕರಪತ್ರದ ಕರಡು ತಂದ. ನಾನು ಕಾಗುಣಿತವನ್ನಷ್ಟೇ ತಿದ್ದಲಿಲ್ಲ. ಉದ್ದನೆಯ ವಾಕ್ಯವೊಂದನ್ನು ಕತ್ತರಿಸಿ, ‘ಮೊದಲು ಹೆಸರು ಕೇಳಿ, ಆಮೇಲೆ ಬೆಲೆ ಕೇಳಿ’ ಎಂದು ಮಾಡಿಕೊಟ್ಟೆ. ರೋಗದ ಭಯವಿತ್ತು, ನಿಜ. ಸಾಲು ಚೆನ್ನಾಗಿ ಕೂತಿತೆಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಮೊನ್ನೆ ಅದೇ ಸಾಲು ಪ್ರಚಾರದ ಆಟೋದಿಂದ ಕೇಳಿಸಿತು. ಆಟೋ ಆ ಗುಂಪಿನದಲ್ಲ. ನಾನು ಪ್ರತಿ ಸಲ ಓಟು ಹಾಕುವ ದೊಡ್ಡ ಪಕ್ಷದ್ದು.

ಬಸ್ಸು ದಾರಿಯ ಬಾತಿ ಊರಿಗೆ ಬಂದಾಗ ಅದೇ ಸಾಲಿನ ಬ್ಯಾನರ್ ಕಂಡಿತು. ಹರಿಹರದಲ್ಲಿ ಅಂದೇ ಆ ದೊಡ್ಡ ಪಕ್ಷದ ಸಭೆ. ಮುಖಂಡರ ಸಾಲಿನಲ್ಲಿ ಶಂಕರನ ಫೋಟೋ. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಅದನ್ನು ಓದಿ, “ಮೊದ್ಲು ಇಂಥಾ ಮಾತಾಡಿದ್ರೆ ಬೈದು ಕಳಿಸ್ತಿದ್ವಿ. ಈಗ ದೊಡ್ಡೋರೇ ಹೇಳ್ತಾರಲ್ರಿ, ಏನೋ ಇದ್ದೇ ಇರ್ತೈತೆ” ಎಂದರು. ನಾನು ಕಿಟಕಿಯತ್ತ ತಿರುಗಿದೆ.

ಮೆಹಬೂಬ್ ಸಾಬರು ಬಾಗಿಲಲ್ಲೇ ಕೈ ಹಿಡಿದರು. “ಬರ್ರಿ ಮೇಷ್ಟ್ರೇ, ಕೂಡ್ರಿ.” ಮಂಡಕ್ಕಿ, ಚಹಾ ಬಂದವು. ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿದೆ.

ಮೊದಲು ಮಾತಾಡಿದ್ದು ಅವರ ಮಗಳು ಶಾಹೀನ್. ಅವಳಿಗೂ ಕನ್ನಡ ಕಲಿಸಿದವನು ನಾನೇ. “ಅಬ್ಬಾಗೆ ಆ ಚೀಟಿ ಓದಿ ಹೇಳಿದ್ದು ನಾನೇ ಸರ್. ಒಂದೂ ತಪ್ಪಿರಲಿಲ್ಲ. ನಿಮ್ ಹತ್ರ ಕಲಿತೋರೇ ಯಾರೋ ಬರ್ದಾರೆ ಅನ್ಕೊಂಡಿದ್ದೆ.”

ಚಹಾ ಆರಿತು. ಹೊರಡುವಾಗ ಸಾಬರು, “ನಮ್ ಮುಂದೆ ಹೇಳಿದ್ರಿ, ಆಯ್ತು. ನಿಮ್ ಮಂದಿ ಮುಂದೆ ಹೇಳ್ರಿ” ಎಂದರು. ಆಗಲೆಂದು ತಲೆಯಾಡಿಸಿದೆ.

ಬಸ್ ನಿಲ್ದಾಣದ ದಾರಿಯಲ್ಲೇ ಸಭೆ ನಡೆದಿತ್ತು. ಶಂಕರ ಗುರುತು ಹಿಡಿದು, ಓಡಿಬಂದು, ವೇದಿಕೆಗೆ ಕರೆದೊಯ್ದ. “ನಮ್ಮ ಗುರುಗಳು! ಎರಡು ಮಾತಾಡ್ತಾರೆ” ಎಂದು ಮೈಕ್ ಕೊಟ್ಟ. ಎದುರಿಗೆ ನೂರಾರು ಜನ ಸುಮ್ಮನಾದರು.

“ಎಲ್ಲರಿಗೂ ನಮಸ್ಕಾರ” ಎಂದು ಮೈಕ್ ಹಿಂದಿರುಗಿಸಿದೆ. ಜನ ಚಪ್ಪಾಳೆ ತಟ್ಟಿದರು.