ನಾಲ್ಕನೆಯ ತಟ್ಟಿಗೆ ಜಾರಿದ ಹಿಮ

ಮಹದೇವ, ಆ ದಿನ ಹಿಮ ಕುಸಿದದ್ದು ನಿನ್ನ ತಪ್ಪಿನಿಂದಲ್ಲ. ಕುಸಿಯಬಹುದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಆ ಇಳಿಜಾರಿಗೆ ಕರೆದುಕೊಂಡು ಹೋದೆ. ಹನ್ನೊಂದು ವರ್ಷದಿಂದ ಈ ಮಾತು ಬಾಯಿಯವರೆಗೆ ಬಂದು ಬಂದು — ಹಿಂದಕ್ಕೆ ಹೋಗಿದೆ.

ಅದರ ಹಿಂದಿನ ವರ್ಷ ಹಿಮಾಲಯದ ಅದೇ ಕಣಿವೆಯಲ್ಲಿ, ಹಿಮ ಜಾರೀತೆಂದು ಹೆದರಿ, ಅರ್ಧ ದಾರಿಯಿಂದ ಎಲ್ಲರನ್ನೂ ವಾಪಸು ಕರೆತಂದಿದ್ದೆ. ಮೈಸೂರಿಗೆ ಬಂದ ಮೇಲೆ ಕೃಷ್ಣಮೂರ್ತಿಪುರಂನ ನಮ್ಮ ಗೆಳೆಯರು ನನಗಿಟ್ಟ ಹೆಸರು ನೆನಪಿದೆಯಲ್ಲ — ‘ಚಾಮುಂಡಿ ಬೆಟ್ಟದ ಲೀಡರು’, ಊರ ಪಕ್ಕದ ಆ ಗುಡ್ಡ ಹತ್ತಿಸಲಷ್ಟೇ ಲಾಯಕ್ಕು ಅಂತ. ನೀನೂ ನಕ್ಕಿದ್ದೆ. ನಾನೂ ನಕ್ಕೆ, ಆದರೆ ಇನ್ನೊಮ್ಮೆ ಅರ್ಧಕ್ಕೆ ವಾಪಸು ಬರುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಹಿಮ ಕುಸಿದ ದಿನ ಬೆಳಿಗ್ಗೆ ನೀವೆಲ್ಲ ಟೆಂಟು ಮಡಚುತ್ತಿದ್ದಿರಿ. ನಾನೊಬ್ಬನೇ ಸೊಂಟದಾಳದ ಗುಂಡಿ ತೋಡಿ, ಹಿಮದ ಒಂದು ಕಂಬ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಿದೆ. ಕ್ರಮ ನಿನಗೂ ಗೊತ್ತು — ಮಣಿಕಟ್ಟಿನಿಂದ ಮೆಲ್ಲಗೆ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಜೋರಾಗಿ ಹತ್ತು. ಬೇಗ ಜಾರಿದಷ್ಟೂ ಅಪಾಯ. ಮಣಿಕಟ್ಟಿನ ನಾಲ್ಕನೆಯ ತಟ್ಟಿಗೇ ಮೇಲಿನ ಪದರ, ಮೇಜಿನ ಡ್ರಾಯರ್ ಎಳೆದ ಹಾಗೆ, ನುಣ್ಣಗೆ ಹೊರಕ್ಕೆ ಬಂತು. ಸುತ್ತ ನೋಡಿದೆ. ಯಾರೂ ನೋಡಿರಲಿಲ್ಲ. ಬೂಟಿನಿಂದ ಗುಂಡಿ ಮುಚ್ಚಿ, ಚಾರಣದ ದಾಖಲೆ ಪುಸ್ತಕದಲ್ಲಿ ‘ಭುಜದ ಏಟಿಗೂ ಜಾರಲಿಲ್ಲ’ ಎಂದು ಬರೆದೆ.

“ಎಂಗಿದೆಯೋ, ಹೋಗ್ಬೋದಾ?” ಎಂದು ನೀನು ದೂರದಿಂದ ಕೂಗಿದೆ.

“ಗಟ್ಟಿಯಾಗಿದೆ ಕಣೋ. ಧೈರ್ಯವಾಗಿ ನಡಿ.”

ಒಬ್ಬೊಬ್ಬರಾಗಿ ಇಳಿಜಾರು ದಾಟುತ್ತಿದ್ದೆವು. ನಿನ್ನ ಸರದಿಯಲ್ಲಿ ನೀನು ಫೋಟೋಗೆಂದು ನನ್ನ ಹೆಜ್ಜೆಯ ಜಾಡು ಬಿಟ್ಟು ಎರಡಡಿ ಮೇಲೆ ಹೋದೆ. ಅಷ್ಟೇ. ಹಿಮ ಬಿರಿದು ನಿನ್ನನ್ನು ಎಳೆದುಕೊಂಡು ಹೋಯಿತು. ಅಗೆದು ತೆಗೆದಾಗ ಉಸಿರಿತ್ತು. ಬಲ ಮೊಣಕಾಲು ಮಾತ್ರ — ಅದನ್ನು ನಾನು ಬರೆಯಬೇಕಾಗಿಲ್ಲ.

ಸ್ಟ್ರೆಚರಿನ ಮೇಲೆ ಮಲಗಿ ನೀನೇ ಅಂದೆ, “ಜಾಡು ಬಿಟ್ಬುಟ್ಟೆ ಕಣೋ. ನಂದೇ ತಪ್ಪು.” ನಾನು ನಿನ್ನ ಕೈ ಹಿಡಿದುಕೊಂಡೆ. ಅಲ್ಲ ಎನ್ನಲಿಲ್ಲ. ಆ ಮೇಲ್ಪದರ ನೀನು ಜಾಡಿನಲ್ಲೇ ನಡೆದಿದ್ದರೂ ಜಾರಬಹುದಿತ್ತು. ಯಾರನ್ನೂ ಅದರ ಮೇಲೆ ಕಳಿಸಬಾರದಿತ್ತು.

ಆಮೇಲೆ ಮಾಡಿದ್ದು ಇನ್ನೂ ಹೀನ. ಶ್ರೀರಾಂಪುರದಲ್ಲಿ ಹೊಸ ಚಾರಣಿಗರಿಗೆ ಪ್ರತಿ ವರ್ಷ ಪಾಠ ಮಾಡುತ್ತೇನಲ್ಲ — ಅಲ್ಲಿ ಜಾಡು ಬಿಟ್ಟವನ ಕಥೆ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತ ನೀನು ಕೈ ಎತ್ತಿ, “ಅವನು ನಾನೇ ಕಣ್ರಪ್ಪ” ಎನ್ನುತ್ತೀಯ. ಎಲ್ಲರೂ ನಗುತ್ತಾರೆ. ನಾನೂ — ಹೌದು, ನಾನೂ ನಕ್ಕಿದ್ದೇನೆ.

ಶನಿವಾರ ಬೆಳಿಗ್ಗೆ ಆ ಪುಸ್ತಕ ಹಿಡಿದು ನಿನ್ನ ಮನೆಗೆ ಬರುತ್ತೇನೆ. ಅಷ್ಟರಲ್ಲಿ ಈ ಕಾಗದ ನಿನಗೆ ತಲುಪಿರುತ್ತದೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ಭಾನುವಾರ ಮತ್ತೆ ಪಾಠವಿದೆ. ನೀನು ಬಂದರೂ ಬಾರದಿದ್ದರೂ, ತಪ್ಪು ಮಾಡಿದವನು ಯಾರೆಂಬ ಮಾತು ಬಂದಾಗ ಕೈ ಎತ್ತುವವನು ನಾನು.