ಬುಡು ಅಂದವರು ಯಾರು?

ನೀವು ನಂಬಿ, ಬಿಡಿ, ನನಗೇನೂ ಆಗಬೇಕಾದ್ದಿಲ್ಲ. ನಾನು ದೆವ್ವ-ಗಿವ್ವದ ಕತೆ ಹೇಳಿಕೊಂಡು ತಿರುಗುವವನಲ್ಲ, ಡೀಸೆಲ್ ಗಾಡಿ ರಿಪೇರಿ ಮಾಡುವ ಮೇಸ್ತ್ರಿ. ಆದರೆ ಐವತ್ತರ ದಶಕದ ಆ ರಾತ್ರಿ ಬಿಳಿಕೆರೆ ರಸ್ತೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಬಿದ್ದದ್ದೇ.

ಬೆಟ್ಟದಪುರದ ಕಡೆ ತಂಬಾಕು ಬೇಯಿಸುವ ಬ್ಯಾರನ್ ಮನೆಗೆ ಬೆಂಕಿ ಬಿದ್ದು, ರೈತ ಮಾದಪ್ಪನ ಹೆಂಡತಿ ಗೌರಮ್ಮ ಮೈಯೆಲ್ಲ ಸುಟ್ಟುಕೊಂಡಿದ್ದಳು. ಬೆಳಗಾಗುವುದರೊಳಗೆ ಮೈಸೂರು ಮುಟ್ಟಿಸಿದರೆ ಉಳಿಯಬಹುದು ಅಂದಿದ್ದರಂತೆ ಊರಿನ ಡಾಕ್ಟರು. ಸಿಕ್ಕಿದ್ದು ನನ್ನ ಗೆಳೆಯ ಶಿವಣ್ಣನ ಲಾರಿ. ಅದರ ಡೀಸೆಲ್ ಪಂಪು ಸೋರುತ್ತಿತ್ತು. ದಾರಿಯಲ್ಲಿ ಕೈಕೊಟ್ಟರೆ ಇರಲಿ ಅಂತ ಹುಣಸೂರಿನಲ್ಲಿ ನನ್ನನ್ನೂ ಹತ್ತಿಸಿಕೊಂಡ. ಹಿಂದೆ ಹುಲ್ಲಿನ ಮೇಲೆ ಬಾಳೆಎಲೆ ಹಾಸಿ ಅವಳನ್ನು ಮಲಗಿಸಿದ್ದರು. ಮಾದಪ್ಪ ಪಕ್ಕದಲ್ಲಿ ಕೂತಿದ್ದ.

ಬಿಳಿಕೆರೆ ಇನ್ನೂ ಎರಡು ಮೈಲಿ ಅನ್ನುವಾಗ ಎಂಜಿನ್ ಗೊರಗೊರ ಅಂದು ನಿಂತಿತು.

ಪಂಪನ್ನು ಚೆನ್ನಾಗಿ ಒರೆಸಿ ಬೂದಿ ಉದುರಿಸಿದರೆ ಸೋರುವ ಜಾಗ ಒದ್ದೆಯಾಗಿ ಕಾಣುತ್ತದೆ. ಆ ಕತ್ತಲಲ್ಲಿ ಬೂದಿ ಎಲ್ಲಿ ತರುವುದು? ಲಾಟೀನಿನ ಬೆಳಕಲ್ಲಿ ಮಾದಪ್ಪನ ಸೊಂಟದ ವಿಭೂತಿ ಚೀಲ ಕಂಡಿತು.

"ವಿಭೂತಿ ಕೊಡಿ ಇಲ್ಲಿ."

"ಅದು... ಅವ್ಳ ಅಣೆಗೆ ಬೇಕು ಮೇಸ್ತ್ರಿ."

"ಅಣೆಗೆ ಆಮೇಲೆ ಅಚ್ಚೀರಂತೆ! ಜೀವ ಉಳೀಬೇಕೋ ಬ್ಯಾಡ್ವೋ?" ಅಂತ ರೇಗಿದೆ. ಗಟ್ಟಿಯನ್ನು ಪುಡಿಮಾಡಿ, ಒಂದು ಚಿಟಿಕೆಯೂ ಉಳಿಸದೆ ಪಂಪಿಗೆ ಉದುರಿಸಿದೆ.

ಡೀಸೆಲ್ ನೂಕುವ ಕೈಪಂಪು ಒತ್ತುತ್ತಿದ್ದಂತೆ ಮೂರನೇ ಪೈಪಿನ ಬುಡದಲ್ಲಿ ಬೂದಿ ಕಪ್ಪಾಯಿತು. ಅಲ್ಲಿನ ತಾಮ್ರದ ವಾಷರ್ ಗಟ್ಟಿಯಾಗಿ ಸಂದು ಬಿಟ್ಟಿತ್ತು. ಡೀಸೆಲ್ ನೆನೆದ ಚಿಂದಿ ಉರಿಸಿ ಅದನ್ನು ಕೆಂಪಗೆ ಕಾಯಿಸಿ, ನೀರಿಗದ್ದಿ ಮೆತ್ತಗೆ ಮಾಡಿ ಕೂರಿಸಿದೆ. ಸೋರುವುದು ನಿಂತಿತು.

ಇನ್ನು ಸೋರಿದ ಕಡೆಯಿಂದ ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯಬೇಕು, ಅದಿದ್ದರೆ ಎಂಜಿನ್ ಹತ್ತುವುದಿಲ್ಲ. ನಾನು ನಟ್ಟು ಸಡಿಲಿಸಿ "ಹೊಡಿ" ಅಂದರೆ ಶಿವಣ್ಣ ಒಳಗೆ ಕೂತು ಎಂಜಿನ್ ತಿರುಗಿಸುವ ಸೆಲ್ಫ್ ಹೊಡೆಯಬೇಕು. ನೊರೆ ಹೋಗಿ ಬರೀ ಡೀಸೆಲ್ ಬಂದಾಗ ನಾನು "ಬುಡು" ಅನ್ನುತ್ತೇನೆ, ಆಗ ಬಿಡಬೇಕು. ಬ್ಯಾಟರಿಯಲ್ಲಿ ಮೂರು ಸಲಕ್ಕಾಗುವಷ್ಟೇ ಶಕ್ತಿಯಿತ್ತು.

"ಹೊಡೀಲಾ!" ಅಂದೆ.

ನೊರೆ ಇನ್ನೂ ಬರುತ್ತಿತ್ತು, ಸೆಲ್ಫ್ ನಿಂತಿತು.

"ಯಾಕ್ಲಾ ಬುಟ್ಟೆ?"

"ನೀನೇ ಬುಡು ಅಂದ್ಯಲ್ಲೋ!"

"ನಾನ್ಯಾವಾಗ್ಲಾ ಅಂದೆ, ಕಿವುಡ್ ನನ್ಮಗನೆ!"

ಎರಡನೇ ಸಲವೂ ಅದೇ. ಶಿವಣ್ಣ ಬಾಗಿಲಿಂದ ತಲೆ ಹೊರಹಾಕಿ ಪಿಸುಗುಟ್ಟಿದ. "ಹೆಂಗ್ಸಿನ್ ದನಿ ಕಣ್ಲಾ..."

ಮೂರನೇ ಸಲ... ನನ್ನ ಕಿವಿಯ ಪಕ್ಕದಲ್ಲೇ. ಸುಟ್ಟ ತಂಬಾಕಿನ ವಾಸನೆ ಗಪ್ಪೆಂದು ಬಂತು. ಸುಸ್ತಾದ ಹೆಣ್ಣು ದನಿ.

"ಸಾಕು ಬುಡಣ್ಣ..."

ಸ್ಪ್ಯಾನರ್ ಕೈಯಿಂದ ಜಾರಿತು. ಸೆಲ್ಫ್ ಟಕ್ ಅಂದು ಸುಮ್ಮನಾಯಿತು. ಬ್ಯಾಟರಿ ಮುಗಿದಿತ್ತು.

ಹಿಂದಕ್ಕೆ ಓಡಿದೆ. "ನಿಮ್ಮನೆಯವ್ರು ಇಳಿದ್ರಾ?" ಅಂತ ಕೇಳಿದೆ. ಮಾದಪ್ಪ ಅಲ್ಲಾಡದೆ ಕೂತಿದ್ದ.

"ಅವ್ಳೆಲ್ಲಿ ಇಳೀತಾಳೆ ಮೇಸ್ತ್ರಿ. ಉಣಸೂರಲ್ಲಿ ನಿಮ್ಮನ್ನ ಅತ್ತಿಸ್ಕೊಂಡ್ವಲ್ಲ, ಅಲ್ಲೇ ಉಸ್ರು ನಿಂತೋಯ್ತು. ಹೇಳುದ್ರೆ ನೀವು ಕೈ ಬುಟ್ಬುಡ್ತೀರಿ ಅಂತ ಸುಮ್ಕಿದ್ದೆ. ಮೈಸೂರ್ ಡಾಕ್ಟ್ರು ಏನಾರಾ ಮಾಡಾರು ಅಂತ..."

ಅವನು ಕೈ ಚಾಚಿದ.

"ವಿಭೂತಿ ಕೊಡಿ."

ನನ್ನ ಹತ್ತಿರ ಎಲ್ಲಿತ್ತು? ಅವನೇ ಇಳಿದು ಬಂದು ಪಂಪಿನ ಮೇಲೆ ಮೂರು ಬೆರಳು ಎಳೆದ. ಡೀಸೆಲ್ ಹತ್ತಿದ ಆ ಬೂದಿಯನ್ನೇ ಹೋಗಿ ಅವಳ ಹಣೆಗೆ ಹಚ್ಚಿದ. ನನಗೆ ನೋಡಲಾಗಲಿಲ್ಲ.

ಅದಾದ ಮೇಲೆ ಎಷ್ಟೋ ಪಂಪು ಬಿಚ್ಚಿದ್ದೇನೆ. "ಬುಡು" ಅಂತ ಮಾತ್ರ ಅನ್ನುವುದಿಲ್ಲ, ಕೈ ಎತ್ತಿ ತೋರಿಸುತ್ತೇನೆ. ಆದರೂ ಕೆಲವು ಸಲ ನಾನು ಕೈ ಎತ್ತುವ ಮೊದಲೇ ಸೆಲ್ಫ್ ನಿಂತುಬಿಡುತ್ತದೆ...

ಯಾಕೆ ಬಿಟ್ಟೆ ಅಂತ ನಾನು ಕೇಳುವುದಿಲ್ಲ.